ಕಾಶಿಬಾಯಿಯ ಊಟದ ಹೊತ್ತು

ಅಭಿನಂದನ ಸದಲಗಾ ಊರಿನಲ್ಲಿದ್ದ ಕಾಕಾನ ಮನೆಯೊಳಗೆ ಕಾಲಿಟ್ಟಾಗ ಅಜ್ಜಿ ಕಾಶಿಬಾಯಿ ಊಟ ಅರ್ಧಕ್ಕೇ ಬಿಟ್ಟು ತಾಟಿನಲ್ಲಿ ಕೈ ತೊಳೆಯುತ್ತಿದ್ದಳು.

“ಯಾಕ ಆಯಿ, ಇಷ್ಟ ಊಟ?”

“ಹೊತ್ತ ಮುಳಗಿರಬೇಕಪಾ. ಮೋಡಾ ಕವದೈತಿ, ನನಗರ ಕಣ್ಣ ಕಾಣಂಗಿಲ್ಲ.” ಹೊತ್ತು ಮುಳುಗಿದ ಮೇಲೆ ಒಂದಗಳು ಬಾಯಿಗೆ ಹಾಕದ ವ್ರತ ಅವಳದು.

ಅಭಿನಂದನ ಮೊಬೈಲ್ ನೋಡಿದ. “ಇನ್ನಾ ನಲವತ್ತ ನಿಮಿಷ ಐತಿ!”

“ಕೈ ತೊಳದೀನಿ, ಆತ ಬಿಡು. ಇವತ್ತ ನೀ ಬಂದಿ, ದಿನಾ ಯಾರ ಹೇಳ್ತಾರ? ಹೊತ್ತ ಮುಳಗೂ ಮುಂಚೆ ಫೋನ ಕೂಗಿ ಕರಿಯೂಹಂಗ ತ್ರಿಶಲಾ ಏನೋ ಮಾಡಿದ್ಳು. ಈಗ ಅದನೂ ಬಿಟ್ಟಾಳ.”

ಏಳು ಗಂಟೆಗೆ ಡೇರಿ ಕೆಲಸ ಮುಗಿಸಿ ಬಂದ ಕಾಕಾನ ಮಗಳು, ತಂಗಿ ತ್ರಿಶಲಾಳನ್ನು ಅಭಿನಂದನ ಕೇಳಿಯೇ ಬಿಟ್ಟ. “ಎಲ್ಲೈತಿ ಆ ಪ್ರೋಗ್ರಾಮ್? ತೋರಸ.”

“ಅಳಿಸೀನಿ. ದಿನಾ ಮೊದಲನೇ ದಿನದ ಟೈಮನ್ನ ಹೇಳತಿತ್ತು.”

ಅವನು ನಕ್ಕ. “ಇಷ್ಟ ಏನ? ದಿನಾ ಹೊಸಾ ತಾರೀಖ ತಗೋ ಅಂತ ನೀ ಕೋಡಿನ್ಯಾಗ ಬರದಿಲ್ಲ, ಅಷ್ಟ. ಐದ ನಿಮಿಷದ ಕೆಲಸ. ನಮ್ಮ ಕೋಡಿಂಗ್ ಗ್ರೂಪಿನ ಲಿಂಕ್ ಕಳಿಸಿದ್ನೆಲ್ಲ, ಅಲ್ಲಿ ಕೇಳಬೇಕಿತ್ತು.”

“ಕೇಳಿದ್ದೆ. ನಾಚಿಕಿ ಬಂದು ಬ್ಯಾರೆ ಹೆಸರ್ಲೆ ಕೇಳಿದ್ದೆ. ಸ್ಕ್ರೀನಿನ ಫೋಟೋ ಹಾಕಿದ್ದೆ.”

ಅಭಿನಂದನನ ಮುಖ ಕಪ್ಪಿಟ್ಟಿತು. ಆ ಫೋಟೋ ಅವನಿಗೆ ಚೆನ್ನಾಗಿಯೇ ನೆನಪಿತ್ತು. ಕೋಡ್ ಕಳಿಸುವುದು ಬಿಟ್ಟು ಲ್ಯಾಪ್‌ಟಾಪಿನ ಪರದೆಯ ಫೋಟೋ, ಅದೂ ಅಡ್ಡಡ್ಡ! ಹನ್ನೆರಡು ವರ್ಷ ಈ ಕೆಲಸದಲ್ಲಿ ಪಳಗಿದ ಮಹಾಶಯ, ಗ್ರೂಪಿನ ಹಿರಿಯಣ್ಣ, ನಾಲ್ಕು ಮಂದಿಯ ಎದುರು ಮೆರೆಯುವ ಚಪಲಕ್ಕೆ ತನ್ನ ಹೆಸರಿನಲ್ಲೇ ಬರೆದಿದ್ದ: ‘ಫೋಟೋ ಸ್ಟುಡಿಯೋ ಇಡ್ರಿ. ಕೋಡಿಂಗ್ ನಿಮ್ಮ ಕೈಲಾಗೂ ಕೆಲಸಲ್ಲ.’ ನೂರಾರು ಜನ ಬಿದ್ದು ಬಿದ್ದು ನಕ್ಕಿದ್ದರು. ಅವತ್ತು ಅವನೂ ಅವರ ಜೊತೆ ನಕ್ಕಿದ್ದ. ಈಗ ತನ್ನ ಬಗ್ಗೆ ತನಗೇ ಹೇಸಿಕೆಯಾಯಿತು.

“ನೀ ಅಂತ ನನಗ ಗೊತ್ತಿರಲಿಲ್ಲವ್ವಾ...” ಮಾತು ತಡವರಿಸಿತು. “ನಾಳೆ ಮುಂಜಾನೆ ಕುಂಡ್ರೂಣು. ಇಬ್ಬರೂ ಕೂಡಿ ಮತ್ತ ಮಾಡೂಣು.”

ತ್ರಿಶಲಾ ಅಜ್ಜಿಯ ತಾಟು ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಬ್ಯಾಡಣ್ಣಾ. ಬ್ಯಾರೆ ಯಾರರ ಹಂಗ ಅಂದಿದ್ರ, ಅಳಕೋಂತ ನಿನ್ನ ಕಡೆನ ಓಡಿ ಬರ್ತಿದ್ದೆ.”