ನಾಲ್ಕಿಂಚು ಎತ್ತರ

"ಎತ್ತರ ನೋಡಿ ಹೇಳು ಗುರು, ಬಿಗೀಲಾ, ತೆಗೀಲಾ?" ಮೆಕಾನಿಕ್ ಅಫ್ಸರ್ ಮನೆ ಮುಂದೆ ನಿಂತ ಪಿಕಪ್ಪಿನ ಕೆಳಗಿನಿಂದಲೇ ಕೂಗಿದ. ಚಕ್ರದ ಸಸ್ಪೆನ್ಷನ್‌ಗೆ ಕಬ್ಬಿಣದ ಬ್ಲಾಕ್ ಕೊಟ್ಟು ಗಾಡಿಯನ್ನು ನಾಲ್ಕಿಂಚು ಎತ್ತಿದ್ದ. ಬೋಲ್ಟು ಬಿಗಿಯುವುದೊಂದೇ ಬಾಕಿ. ಕೆರೆಯಾಚೆಯ ಹೊಲದ ದಾರಿಯಲ್ಲಿ ಇನ್ನು ಗಾಡಿಯ ಹೊಟ್ಟೆಗೆ ಬಂಡೆ ತಾಗುವುದಿಲ್ಲವೆಂದು ಗಾಡಿಯ ಮಾಲೀಕ ಅನಿಲ್‌ಕುಮಾರ್ ಹಿಗ್ಗಿದ್ದ.

ಅಷ್ಟರಲ್ಲಿ ಅವನ ತಾಯಿ ಅಂಜಿನಮ್ಮ ಡೈರಿಗೆ ಹಾಕುವ ಹಾಲಿನ ಕ್ಯಾನ್ ತಂದಳು. ಅದನ್ನು ಮೊಣಕಾಲಿಗೆ ಆನಿಸಿ, ಒಂದೇ ಉಸಿರಿಗೆ ಗಾಡಿಗೆ ಏರಿಸುವುದು ಅವಳ ರೂಢಿ. ಇನ್ನೊಬ್ಬರು ಕೈ ಹಾಕಿದರೆ ಗದರುತ್ತಿದ್ದಳು. ಈಗ ಕ್ಯಾನ್ ಗಾಡಿಯ ಅಂಚಿಗೆ ಬಡಿದು ವಾಪಸು ಬಂತು. ಮತ್ತೊಮ್ಮೆ ಎತ್ತಿದಳು. ಹಾಲು ಸೀರೆಯ ಮೇಲೆ ಚೆಲ್ಲಿತು.

"ಏನಮ್ಮಾ, ಗಾಡಿ ಬೆಳೀತು, ನೀವು ಬೆಳೀಲಿಲ್ಲ!" ಎಂದು ಅಫ್ಸರ್ ನಕ್ಕ. ಅವಳು ತಿರುಗಿ ಬಯ್ಯುತ್ತಾಳೆಂದು ಅನಿಲ್ ಕಾದ. "ಹೂ ಕಣಪ್ಪಾ, ನಂಗೂ ವಯಸ್ಸಾಯ್ತಲ್ಲ," ಎಂದಳು ಅಂಜಿನಮ್ಮ. ಆ ಮಾತನ್ನು ಅವಳ ಬಾಯಲ್ಲಿ ಅವನು ಎಂದೂ ಕೇಳಿರಲಿಲ್ಲ. "ತೆಗ್ದಾಕ್ಬಿಡು ಅಫ್ಸರ್, ಬಂಡೆ ತಾಗಿದ್ರೆ ತಾಗ್ಲಿ," ಎಂದ.

ಬ್ಲಾಕ್ ತೆಗೆದ ಮೇಲೆ ಗಾಡಿ ಮೊದಲಿನ ಎತ್ತರಕ್ಕೇ ಇಳಿಯಿತು. "ಈಗ ಏರ್ಸಮ್ಮಾ, ಮೊದ್ಲಿನಂಗೇ ಐತೆ," ಎಂದ ಅನಿಲ್. ಅಂಜಿನಮ್ಮ ಗಾಡಿಯನ್ನೊಮ್ಮೆ ನೋಡಿದಳು. "ನೀನೇ ಇಟ್ಬಿಡಪ್ಪಾ," ಎಂದು ಕ್ಯಾನನ್ನು ಅವನ ಕಡೆಗೆ ಸರಿಸಿದಳು.