ಅಳಿಸಿದ ದಿಕ್ಕು

ಅತಿಥಿ ಉಪನ್ಯಾಸಕ ತಿಪ್ಪೇಶನಿಗೆ ಕಾಯಂ ನೌಕರಿ ಇರಲಿಲ್ಲ. ಪರೀಕ್ಷೆಯಲ್ಲಿ ವಾಕಿಟಾಕಿ ಹಿಡಿದು ಉತ್ತರ ಹೇಳಿಕೊಡುವ ಕಳ್ಳನನ್ನು ಹುಡುಕಿಕೊಟ್ಟರೆ ಕಾಯಂ ಮಾಡಿಸುವುದಾಗಿ, ಮೇಲಿನವರ ಕಾಟ ತಾಳಲಾರದೆ, ಪ್ರಿನ್ಸಿಪಾಲರು ಮಾತು ಕೊಟ್ಟರು. ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತದೆಂದು ಲೆಕ್ಕ ಹಾಕಲು ಅವನು ಕಾಲೇಜಿನ ಅಂಗಳದಲ್ಲಿ ಎಂಟು ಆಂಟೆನಾ ಸಾಲಾಗಿ ನೆಟ್ಟ.

“ಸರ್, ನಿಮ್ಮ ಚೇಂಬರಿನ ಮೊಬೈಲ್ ಜಾಮರ್ ಗದ್ದಲದಲ್ಲಿ ಬೇರೇನೂ ಕಾಣ್ತಿಲ್ಲ. ಸ್ವಲ್ಪ ಆರಿಸಿ.”

ಪ್ರಿನ್ಸಿಪಾಲರು ಕಿಟಕಿಯಿಂದಲೇ ಗದರಿದರು. “ಆರಿಸಿದ್ರೆ ಊರೆಲ್ಲ ಕಾಪಿ ಹೊಡೀತದೆ! ಈ ದಿಕ್ಕನ್ನೇ ಲೆಕ್ಕದಿಂದ ಅಳಿಸಯ್ಯಾ. ಓದಿದೋನಲ್ವೇನೋ ನೀನು?”

ಅಳಿಸಿದ. ಉಳಿದ ದಿಕ್ಕುಗಳಲ್ಲಿ ಒಂದು ಸೊಳ್ಳೆಯೂ ಗುಂಯ್‌ಗುಡಲಿಲ್ಲ.

“ನೋಡಿದ್ಯಾ? ನಮ್ಮ ಕಾಲೇಜು ಗಂಗೆಯಷ್ಟು ಶುದ್ಧ!” ಎಂದು ಅವರು ಕಿಟಕಿ ಮುಚ್ಚಿಕೊಂಡರು.

ಅಷ್ಟರಲ್ಲಿ ಕರೆಂಟು ಹೋಗಿ ಜಾಮರ್ ಸತ್ತಿತು. ತಿಪ್ಪೇಶ ಅಳಿಸಿದ ದಿಕ್ಕನ್ನು ಮತ್ತೆ ಸೇರಿಸಿ ಹೆಡ್‌ಫೋನ್ ಹಾಕಿಕೊಂಡ. ಪ್ರಿನ್ಸಿಪಾಲರ ದನಿ ಸ್ಪಷ್ಟವಾಗಿತ್ತು: “ಮೂರಕ್ಕೆ ಬಿ, ನಾಲ್ಕಕ್ಕೆ ಡಿ.”

ಸಂಜೆಯೊಳಗೆ ಅವನ ಎಂಟು ಆಂಟೆನಾಗಳೂ ಇದ್ದ ಒಂದು ಕೆಲಸವೂ ಹೋದವು.