ಡ್ರೈವರ್ ಸೀಟು

“ಇವಳ ಹುಟ್ಟಿದಹಬ್ಬಕ್ಕೆ ನಾನೇ ಕೊಡಿಸಿದ್ದು ಮಾರಾಯ,” ಎಂದು ಗಂಡ ಸಮ್ಯಕ್ ಹೊಸ ಹೈಬ್ರಿಡ್ ಕಾರಿನ ಬಾನೆಟ್ ತಟ್ಟಿದಾಗ ಬ್ರಾಹ್ಮಿ ಕಾಫಿ ಲೋಟವನ್ನು ತುಟಿಯಿಂದ ಕೆಳಗಿಳಿಸಿದಳು. ತೀರ್ಥಹಳ್ಳಿಯಲ್ಲಿ ಹಲ್ಲಿನ ಡಾಕ್ಟರಾಗಿ ದುಡಿದು ಅವಳೇ ಕೊಂಡ ಕಾರು ಅದು. ಸಾಗರದ ಮದುವೆಗೆ ಹೊರಟವರು ಹೊಸನಗರದಲ್ಲಿ ಕಾಫಿಗೆ ನಿಂತಾಗ ಗಂಡನ ಹಳೆಯ ಗೆಳೆಯ ಸಿಕ್ಕಿದ್ದ.

“ಅತ್ತಿಗೆ ಓಡಿಸ್ತಾರಾ?” ಎಂದ ಗೆಳೆಯ.

“ಇವಳಾ? ಬ್ಯಾಟರೀಲಿ ಓಡ್ತಿದೆಯಾ, ಪೆಟ್ರೋಲಲ್ಲಾ ಅಂತ್ಲೇ ಗೊತ್ತಾಗಲ್ಲ. ಹಿಂದೆ ಕೂತು ಆರಾಮಾಗಿ ನಿದ್ದೆ ಹೊಡೀತಾಳೆ.”

ಇಬ್ಬರೂ ನಕ್ಕರು. ಬ್ರಾಹ್ಮಿ ಲೋಟ ಇಟ್ಟು, ಗಂಡನ ಕೈಯಿಂದ ಕೀಲಿ ಕಿತ್ತುಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಬಾಗಿಲು ಮುಚ್ಚಿದೊಡನೆ ಪೇಟೆಯ ಗದ್ದಲವೆಲ್ಲ ಅಡಗಿತು. ಮೆತ್ತನೆಯ ಸೀಟು ಬೆನ್ನಿಗೆ ಹಿತವಾಗಿ ಒತ್ತಿಕೊಂಡಿತು. ಇಷ್ಟು ದಿನ ಈ ಜಾಗವನ್ನು ಯಾಕೆ ಬಿಟ್ಟುಕೊಟ್ಟೆ ಎಂದು ಅವಳಿಗೆ ತನ್ನ ಮೇಲೂ ರೋಷ ಉಕ್ಕಿತು. ಹೊರಗೆ ಸಮ್ಯಕ್ ಗಾಜು ಬಡಿಯುತ್ತಿದ್ದ. ಅವಳು ಗಾಜು ಇಳಿಸಿದಳು.

“ಎಂತ ಹುಚ್ಚಾಟ ಇದು? ಇಳಿ ಕೆಳಗೆ!”

“ಕಾರು ಯಾರು ತಗೊಂಡಿದ್ದು ಅಂತ ಅವ್ರಿಗೆ ಹೇಳಿ. ಆಮೇಲೆ ಹತ್ತಿ.”

ಸಮ್ಯಕ್ ಗೆಳೆಯನತ್ತ ನೋಡಿ, ತಮಾಷೆಯೆಂಬಂತೆ ನಕ್ಕು, ಮತ್ತೆ ಬಾಗಿಲ ಹಿಡಿಗೆ ಕೈ ಹಾಕಿದ. ಬ್ರಾಹ್ಮಿ ಗಾಜು ಏರಿಸಿದಳು. ಕಾರು ಸದ್ದಿಲ್ಲದೆ ಅವನನ್ನು ದಾಟಿ ಸಾಗರದ ರಸ್ತೆಗೆ ತಿರುಗಿತು.